ಅಳುವ ಪಿಟೀಲು ಮದುವೆ ಮನೆಯದು

ಪ್ರಿಯ ಓದುಗರೇ,

ಹೋದ ಸಂಚಿಕೆಯಲ್ಲಿ ಬಂದ ಸಿನಿಮಾ ಸಂಗೀತದ ಲೇಖನ ಓದಿ ಪತ್ರ ಬರೆದಿದ್ದೀರಿ, ಸಂತೋಷ. ‘ಯೆಹೂದಿಗಳ ಕಥೆ ಅಂದ ಕೂಡಲೇ ಹಿನ್ನೆಲೆಯಲ್ಲಿ ಒಂದು ಪಿಟೀಲು ಅಳಲೇಬೇಕಾ? ಕ್ಲೆಜ್ಮರ್ ಅಂದ್ರೆ ಶೋಕದ ಸಂಗೀತವಾ, ಇಲ್ಲಾ ಅವರ ಪ್ರಾರ್ಥನೆಯ ಸಂಗೀತವಾ?’ ಅಂತ ಕೇಳಿದ್ದೀರಿ. ಎರಡೂ ಅಲ್ಲ. ಅದು ಮದುವೆ ಮನೆಯ ಸಂಗೀತ.

ಈಗಿನ ಪೋಲೆಂಡ್, ಉಕ್ರೇನ್, ರೊಮೇನಿಯಾ, ಮಾಲ್ಡೋವಾ ಕಡೆ ಯಿಡ್ಡಿಷ್ ಮಾತಾಡುವ ಯೆಹೂದಿಗಳಿದ್ದರಲ್ಲ, ಅವರ ಮದುವೆಗಳಲ್ಲಿ ನುಡಿಸಿ ಹೊಟ್ಟೆ ಹೊರೆಯುತ್ತಿದ್ದವರು ಈ ಕ್ಲೆಜ್ಮರ್‌ಗಳು. ವಾದ್ಯದವರಿಗೂ ಅವರ ಸಂಗೀತಕ್ಕೂ ಅದೇ ಹೆಸರು. ಹೆಚ್ಚಾಗಿ ಅಪ್ಪನಿಂದ ಮಗನಿಗೆ ಬರುತ್ತಿದ್ದ ಕಸುಬು. ಪಿಟೀಲು ಮುಖ್ಯ, ಜೊತೆಗೆ ತಂತಿಗಳನ್ನು ಸಣ್ಣ ಕೋಲಿನಿಂದ ಬಡಿದು ನುಡಿಸುವ ತ್ಸಿಂಬಲ್. ಕ್ಲಾರಿನೆಟ್ ಮುಂದೆ ಬಂದಿದ್ದು ಆಮೇಲೆ.

ಹಾಗಂತ ಅಳುವನ್ನು ಸಿನಿಮಾದವರೇ ಹುಟ್ಟಿಸಿದರು ಅನ್ನೋಕಾಗಲ್ಲ. ಮದುವೆಗೆ ಮುಂಚೆ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಬದ್ಖನ್ ಅನ್ನುವವನು ಅಲ್ಲೇ ನಿಂತು ಪ್ರಾಸ ಕಟ್ಟಿ, ಇನ್ನು ನಿನ್ನ ಹುಡುಗಾಟದ ದಿನ ಮುಗಿಯಿತು, ಮುಂದೆ ಸಂಸಾರ ಅಂತ ಹಾಡುತ್ತಿದ್ದ, ಅವನ ಸಾಲು ಸಾಲಿನ ನಡುವೆ ಪಿಟೀಲಿನವನು ನುಡಿಸುತ್ತಿದ್ದ. ಸುತ್ತ ಇದ್ದ ಹೆಂಗಸರೆಲ್ಲ ಅಳುತ್ತಿದ್ದರು. ನಮ್ಮಲ್ಲಿ ಹೆಣ್ಣೊಪ್ಪಿಸುವ ಹಾಡು ಶುರುವಾದ ಕೂಡಲೇ ಸೆರಗು ಕಣ್ಣಿಗೆ ಹೋಗುತ್ತದಲ್ಲ, ಹಾಗೆ. ಸ್ವರ ಮುಗಿಯುವಾಗ ಬೆರಳು ತಂತಿಯನ್ನು ಒಂದು ಗಳಿಗೆ ಸುಮ್ನೆ ಸೋಕಿಸಿದರೆ, ಗಂಟಲು ಬಿಗಿದು ಬಿಕ್ಕಿದ ಹಾಗೆ ಸ್ವರ ತುಂಡಾಗುತ್ತದೆ. ಕ್ರೆಖ್ತ್ಸ್ ಅಂತಾರೆ ಅದಕ್ಕೆ. ಆದರೆ ಶಾಸ್ತ್ರ ಮುಗಿದ ಮೇಲೆ ಅದೇ ತಂಡ, ಅದೇ ಪಿಟೀಲು, ಎಲ್ಲರನ್ನೂ ಎಬ್ಬಿಸಿ ಕುಣಿಸುತ್ತಿತ್ತು. ಸಿನಿಮಾ ಆ ಬಿಕ್ಕನ್ನು ಇಟ್ಟುಕೊಂಡು ಕುಣಿತವನ್ನು ಕೈಬಿಟ್ಟಿತು. ನನ್ನ ತಕರಾರು ಇಷ್ಟೇ.

ನೀವು ಹೇಳಿದ, ನಾಜಿಗಳು ಯೆಹೂದಿಗಳನ್ನು ಕೊಂದ ಕಾಲದ ಕಥೆಯಾದ 1993ರ ‘ಶಿಂಡ್ಲರ್ಸ್ ಲಿಸ್ಟ್’ ಚಿತ್ರದ ಮುಖ್ಯ ಧಾಟಿ ಜಾನ್ ವಿಲಿಯಮ್ಸ್ ರಚಿಸಿದ್ದು, ಪಿಟೀಲು ಇಟ್ಝಾಕ್ ಪರ್ಲ್‌ಮನ್ ಅವರದು. ಅದು ಕ್ಲೆಜ್ಮರ್ ಧಾಟಿಯಲ್ಲ. ಆ ಕಥೆಗೆ ಅದು ಬೇಕಿತ್ತು, ಒಪ್ಪುತ್ತೇನೆ. ಬೇಜಾರೇನು ಅಂದ್ರೆ, ಆಮೇಲೆ ತುಂಬಾ ಜನರ ಕಿವಿಯಲ್ಲಿ ಯೆಹೂದಿ ಸಂಗೀತ ಅಂದ್ರೆ ಅದೊಂದೇ ಆಗಿಹೋಯಿತು.

ಅದಕ್ಕೇ ನೀವು 1936ರ ‘ಯಿಡ್ಲ್ ಮಿಟ್ ನ್ ಫಿಡ್ಲ್’ ನೋಡಲೇಬೇಕು. ಪೋಲೆಂಡಿನಲ್ಲಿ ತೆಗೆದ ಯಿಡ್ಡಿಷ್ ಚಿತ್ರ. ಊಟಕ್ಕೂ ಕಷ್ಟವಿರುವ ಅಪ್ಪ ಮಗಳು ಊರೂರು ಸುತ್ತಿ ನುಡಿಸುತ್ತಾರೆ, ದಾರಿಯಲ್ಲಿ ತೊಂದರೆ ಬೇಡ ಅಂತ ಮಗಳು ಹುಡುಗನ ವೇಷ ಹಾಕಿರುತ್ತಾಳೆ. ಆ ಪಾತ್ರ ಮಾಲಿ ಪಿಕಾನ್ ಅವರದು. ಒಂದು ಮದುವೆಯಲ್ಲಿ ಮುದುಕ ಶ್ರೀಮಂತನಿಗೆ ಕಟ್ಟಲು ಹೊರಟ ಹುಡುಗಿ ಈ ವಾದ್ಯದವರ ಜೊತೆಗೇ ಓಡಿಹೋಗುತ್ತಾಳೆ! ಚಿತ್ರೀಕರಣ ಕಾಜಿಮಿಯೆಶ್ ಡೋಲ್ನಿ ಅನ್ನುವ ಊರಿನಲ್ಲಿ ನಡೆಯಿತು, ಗುಂಪಿನಲ್ಲಿ ಕಾಣುವವರು ಆ ಊರಿನ ಜನರೇ. ಗಡ್ಡದ ಮುದುಕರು, ಓಡಾಡುವ ಮಕ್ಕಳು, ಊಟದ ಮೇಜು ಎಲ್ಲವನ್ನೂ ನಿಧಾನಕ್ಕೆ ನೋಡಿ. ಕೆಲವೇ ವರ್ಷಗಳಲ್ಲಿ ನಾಜಿಗಳು ಆ ಊರಿನ ಯೆಹೂದಿಗಳನ್ನು ಸಾಗಿಸಿ ಕೊಂದರು. ಚಿತ್ರಕ್ಕೆ ಅದು ಗೊತ್ತಿಲ್ಲ, ಅದು ನಗುತ್ತಲೇ ಇದೆ. ನನಗಂತೂ ಯಾವ ಶೋಕದ ಪಿಟೀಲಿಗಿಂತ ಈ ನಗು ಜಾಸ್ತಿ ತಟ್ಟುತ್ತದೆ.

ಮರುವರ್ಷದ ‘ದಿಬುಕ್’ ಬೇರೆಯದೇ ಲೋಕ. ಅಲ್ಲಿ ಮದುಮಗಳು ಸಾವಿನ ವೇಷದ ಆಕೃತಿಯ ಜೊತೆ ಕುಣಿಯುತ್ತಾಳೆ, ರಾತ್ರಿ ಒಬ್ಬರೇ ನೋಡಬೇಡಿ.

1971ರ ‘ಫಿಡ್ಲರ್ ಆನ್ ದಿ ರೂಫ್’ ನಿಮಗೆ ಇಷ್ಟ ಅಂದಿರಿ. ಅದರ ಹಾಡುಗಳು ಬ್ರಾಡ್‌ವೇ ರಂಗಭೂಮಿಯವು, ಕ್ಲೆಜ್ಮರ್ ಅಲ್ಲಿ ವಾಸನೆ ಮಾತ್ರ. ಆದರೂ ಟೋಪಿಯ ಮೇಲೆ ಬಾಟಲಿ ನಿಲ್ಲಿಸಿಕೊಂಡು ಗಂಡಸರು ಕುಣಿಯುವ ಮದುವೆ ಎಷ್ಟು ಸಲ ನೋಡಿದರೂ ಸಾಕಾಗಲ್ಲ, ಅಲ್ವಾ? ಅದರಲ್ಲಿ ಮದುವೆ ದಲ್ಲಾಳಿ ಯೆಂಟೆ ಆಗಿರುವ ಅಜ್ಜಿಯನ್ನು ಗಮನಿಸಿ, ಮಾಲಿ ಪಿಕಾನ್ ಅವರೇ!

ಹೊಸದು ಬೇಕಾದರೆ 2023ರ ಅರ್ಜೆಂಟೀನಾದ ‘ದಿ ಕ್ಲೆಜ್ಮರ್ ಪ್ರಾಜೆಕ್ಟ್’ ಇದೆ. ಮದುವೆ ವಿಡಿಯೋ ತೆಗೆಯುವವನೊಬ್ಬ ಕ್ಲಾರಿನೆಟ್ ನುಡಿಸುವ ಹುಡುಗಿಗೆ ಮನಸೋತು, ಕ್ಲೆಜ್ಮರ್ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ ಅಂತ ಸುಳ್ಳು ಹೇಳಿ, ಕೊನೆಗೆ ನಿಜಕ್ಕೂ ಪೂರ್ವ ಯುರೋಪಿನ ಹಳ್ಳಿಗಳಿಗೆ ಹುಡುಕಿಕೊಂಡು ಹೋಗುತ್ತಾನೆ.

ಇನ್ನು ಪ್ರಾರ್ಥನೆಯ ಮಾತು. ಸಂಪ್ರದಾಯಸ್ಥ ಯೆಹೂದಿಗಳ ಸಿನಗಾಗ್ ಅನ್ನುವ ಪ್ರಾರ್ಥನಾ ಮಂದಿರದಲ್ಲಿ ಸಬ್ಬತ್, ಅಂದ್ರೆ ವಾರದ ವಿಶ್ರಾಂತಿಯ ದಿನ ವಾದ್ಯ ಮುಟ್ಟುವಂತಿಲ್ಲ, ಅಲ್ಲಿ ಕ್ಯಾಂಟರ್ ಅನ್ನುವ ಹಾಡುಗಾರನ ಕಂಠವೇ ಎಲ್ಲ. ಆ ಕಂಠದ ಎಳೆತ, ಬಿಕ್ಕು ಕ್ಲೆಜ್ಮರ್ ಪಿಟೀಲಿನಲ್ಲೂ ಕೇಳುತ್ತದೆ, ಹಾಗಾಗಿ ನಿಮಗೆ ಎರಡೂ ಒಂದೇ ಅನಿಸಿದ್ದು ಸಹಜ. ಕ್ಯಾಂಟರ್ ಹಾಡು ಕೇಳಬೇಕಾದರೆ 1927ರ ‘ದಿ ಜಾಝ್ ಸಿಂಗರ್’ ನೋಡಿ. ಆ ಕಾಲದ ದೊಡ್ಡ ಕ್ಯಾಂಟರ್ ಯೊಸೆಲೆ ರೋಸೆನ್‌ಬ್ಲಾಟ್ ಅದರಲ್ಲಿ ತಾವಾಗಿಯೇ ಕಾಣಿಸಿಕೊಂಡಿದ್ದಾರೆ. ಪವಿತ್ರ ಪ್ರಾರ್ಥನೆಯನ್ನು ಸಿನಿಮಾಕ್ಕೆ ಹಾಡಲು ಒಪ್ಪದೆ, ಒಂದು ಯಿಡ್ಡಿಷ್ ಹಾಡನ್ನಷ್ಟೇ ಹಾಡಿದರು.

– ಸಂ.