ಮೇಷ್ಟ್ರನ್ನು ಗ್ರೂಪಿನಿಂದ ತೆಗೆಯಬೇಕೆ?

ಪ್ರಶ್ನೆ: ನನಗೆ 48 ವರ್ಷ. 2020ರ ಲಾಕ್‌ಡೌನ್ ಸಮಯದಲ್ಲಿ ಬೀಜ, ಸಸಿ ಹಂಚಿಕೊಳ್ಳಲೆಂದು ಶುರುವಾದ ವಾಟ್ಸಾಪ್ ಗ್ರೂಪಿಗೆ ನಾನೇ ಅಡ್ಮಿನ್. ಈಗ 130 ಜನರಿದ್ದಾರೆ, ಹೆಚ್ಚಿನವರ ಮುಖವನ್ನೇ ನೋಡಿಲ್ಲ. ಕೈತೋಟದ ಮಾತು ಕಡಿಮೆಯಾಗಿ ಮಳೆ, ಈರುಳ್ಳಿ ರೇಟು, ಕರೆಂಟು, ಪೇಪರಿನ ಸುದ್ದಿ ಎಂದು ದಿನವಿಡೀ ಹರಟೆ ನಡೆಯುತ್ತದೆ. ನನಗೂ ಅದು ಇಷ್ಟ. ಕಳೆದ ತಿಂಗಳು ಎಲ್ಲರಿಗೂ ಬೇಕಾದ ನಿವೃತ್ತ ಮೇಷ್ಟ್ರೊಬ್ಬರು ‘ನಾಳೆ ಶಾಲೆಗಳಿಗೆ ರಜೆ’ ಎಂಬ ಆದೇಶ ಹಾಕಿದರು. ಅದು ಹಿಂದಿನ ವರ್ಷದ್ದು. ನಂಬಿದ ಸಾಗರದ ಸದಸ್ಯೆಯೊಬ್ಬರು ಮಗಳನ್ನು ಮನೆಯಲ್ಲೇ ಉಳಿಸಿಕೊಂಡರು, ಹುಡುಗಿಗೆ ಕಿರುಪರೀಕ್ಷೆ ತಪ್ಪಿತು. ಗ್ರೂಪಿನ ಹುಡುಗನೊಬ್ಬ ಎಲ್ಲರೆದುರು “ವಯಸ್ಸಾದ ಮೇಲೆ ಫೋನು ಬದಿಗಿಡಿ ಮೇಷ್ಟ್ರೇ” ಎಂದು ಬರೆದ. ಅಂದಿನಿಂದ ಎರಡು ಬಣವಾಗಿದೆ. ಇಬ್ಬರು ಬಿಟ್ಟುಹೋದರು. ಕೆಲವರು ಮೇಷ್ಟ್ರನ್ನು ತೆಗೆಯಿರಿ ಎನ್ನುತ್ತಾರೆ, ಕೆಲವರು ಹುಡುಗನನ್ನು. ನಾನು ಏನೂ ಹೇಳದೆ ಸುಮ್ಮನಿದ್ದೇನೆ. ಏನಾದರೂ ಆದರೆ ಪೊಲೀಸರು ಅಡ್ಮಿನ್ನನ್ನೇ ಹಿಡಿಯುತ್ತಾರಂತೆ ಎಂಬ ಭಯ ಬೇರೆ. ಗ್ರೂಪ್ ಮುಚ್ಚಿಬಿಡಲೇ?
– ಒಬ್ಬ ಅಡ್ಮಿನ್, ಶಿವಮೊಗ್ಗ

ಉತ್ತರ: ಮುಚ್ಚಬೇಡಿ. ಮೇಷ್ಟ್ರನ್ನಾಗಲಿ ಹುಡುಗನನ್ನಾಗಲಿ ಈಗ ತೆಗೆಯುವುದೂ ಬೇಡ. ಒಬ್ಬರನ್ನು ತೆಗೆದರೆ ಅವರ ಪರ ಇದ್ದವರು ಹಿಂದೆಯೇ ಹೊರಡುತ್ತಾರೆ, ಉಳಿದವರು ನಾಳೆ ನನ್ನ ಸರದಿಯೇನೋ ಎಂದು ಬಾಯಿ ಬಿಡುವುದಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡಿದ್ದು ‘ಸುಮ್ಮನಿದ್ದೇನೆ’ ಎಂಬ ಮಾತು. ಹಳೆಯ ಆದೇಶ ಒಂದು ದಿನದ ತಪ್ಪು. ಅದು ಒಂದು ತಿಂಗಳ ಜಗಳವಾಗಿ ಬೆಳೆದದ್ದು ಅಡ್ಮಿನ್ ಮಾತಾಡದೇ ಇದ್ದದ್ದರಿಂದ. ಇನ್ನು ಮಾತಾಡಿ, ಆದರೆ ಗ್ರೂಪಿನಲ್ಲಿ ಅಲ್ಲ. ಮೊದಲು ಒಬ್ಬೊಬ್ಬರಿಗೇ ಫೋನ್ ಮಾಡಿ.

ಮೊದಲ ಫೋನು ಸಾಗರದ ಆ ತಾಯಿಗೆ. ಈ ಗಲಾಟೆಯಲ್ಲಿ ನಿಜವಾಗಿ ನಷ್ಟವಾದದ್ದು ಅವರ ಮಗಳಿಗೆ. ಆದರೆ ಎರಡೂ ಬಣದವರು ಮೇಷ್ಟ್ರು–ಹುಡುಗ ಎನ್ನುತ್ತಿದ್ದಾರೆಯೇ ಹೊರತು ಆ ಮಗುವನ್ನು ಯಾರೂ ವಿಚಾರಿಸಿದಂತಿಲ್ಲ. ತಪ್ಪಿದ್ದು ಕಿರುಪರೀಕ್ಷೆಯಾದ್ದರಿಂದ, ನಡೆದದ್ದನ್ನು ಬರೆದು ಕ್ಲಾಸ್ ಟೀಚರಿಗೆ ಕೊಟ್ಟರೆ ಮತ್ತೆ ಬರೆಸಲು ಒಪ್ಪಬಹುದು, ಕೇಳಿ ನೋಡಿ ಎನ್ನಿ.

ಎರಡನೆಯದು ಮೇಷ್ಟ್ರಿಗೆ. ಮೆಸೇಜ್ ಕಳಿಸಬೇಡಿ. ಹಿರಿಯರಿಗೆ ಬರೆದು ಹೇಳಿದರೆ ಅದು ನೋಟಿಸಿನಂತೆ ಕೇಳುತ್ತದೆ, ಸ್ಕ್ರೀನ್‌ಶಾಟ್ ಆಗಿ ತಿರುಗಾಡುವ ಅಪಾಯವೂ ಇದೆ. ಊಟವಾಗಿ ವಿರಾಮವಾಗಿರುವ ಹೊತ್ತಿಗೆ ಫೋನ್ ಮಾಡಿ ಹೀಗೆ ಹೇಳಬಹುದು: “ಮೇಷ್ಟ್ರೇ, ಆ ಹುಡುಗ ಹಾಗೆ ಬರೆಯಬಾರದಿತ್ತು, ಅವನಿಗೆ ನಾನು ಹೇಳುತ್ತೇನೆ. ಆದರೆ ಆ ಆದೇಶ ಹಳೆಯದು. ಸಾಗರದ ಮಗುವಿಗೆ ಪರೀಕ್ಷೆ ತಪ್ಪಿತು. ತಾರೀಕು ನೋಡಿರಲಿಲ್ಲ ಎಂದು ನೀವೇ ಒಂದು ಸಾಲು ಬರೆದರೆ ಅವರಿಗೂ ಸಮಾಧಾನ.” ಕ್ಷಮೆ ಕೇಳಿ ಎನ್ನಬೇಡಿ. ತಿದ್ದುವುದು ಮೇಷ್ಟ್ರುಗಳಿಗೆ ಜೀವಮಾನದ ಅಭ್ಯಾಸ, ತಿದ್ದುಪಡಿ ಎಂದರೆ ಒಪ್ಪುತ್ತಾರೆ. ಅಲ್ಲಿಗೇ ನಿಲ್ಲಿಸದೆ ಒಂದು ಕೆಲಸವನ್ನೂ ಕೇಳಿ: ದಿನಾ ಬೆಳಿಗ್ಗೆ ಪೇಪರಿನ ಒಂದು ಸುದ್ದಿಯನ್ನು ಪತ್ರಿಕೆಯ ಹೆಸರು, ತಾರೀಕಿನೊಂದಿಗೆ ತಮ್ಮದೇ ನಾಲ್ಕು ಸಾಲಿನಲ್ಲಿ ಬರೆಯಲಿ. ಫಾರ್ವರ್ಡ್ ಮಾಡುವ ಬಹುಪಾಲು ಹಿರಿಯರಿಗೆ ಸುಳ್ಳು ಹಬ್ಬಿಸುವ ಉದ್ದೇಶ ಇರುವುದಿಲ್ಲ. ನಾನೂ ಇದ್ದೇನೆ, ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂಬ ಆಸೆ ಅದು. ಆ ಆಸೆಗೆ ಜಾಗ ಮಾಡಿಕೊಡಿ.

ಮೂರನೆಯದು ಹುಡುಗನಿಗೆ. ಅವನು ಹೇಳಿದ ವಿಷಯ ಸರಿ, ವಯಸ್ಸನ್ನು ಎಳೆದು ತಂದದ್ದು ತಪ್ಪು. ಎರಡನ್ನೂ ಇದೇ ಕ್ರಮದಲ್ಲಿ ಹೇಳಿ. ಮುಂದೆ ತಿದ್ದುವಾಗ “ಇದು ಹಿಂದಿನ ವರ್ಷದ ಆದೇಶ, ಈ ವರ್ಷದ ಪ್ರಕಟಣೆ ಇಲ್ಲಿದೆ” ಎಂದಷ್ಟೇ ಬರೆಯಲಿ. ಸುದ್ದಿಯ ಬಗ್ಗೆ ಎರಡು ವಾಕ್ಯ, ಹಾಕಿದವರ ಬಗ್ಗೆ ಒಂದೂ ಬೇಡ.

ಇದೆಲ್ಲ ಆದ ಮೇಲೆ ಗ್ರೂಪಿಗೆ ಬನ್ನಿ. ಇಂಥ ಹೊತ್ತಿನಲ್ಲಿ ಅಡ್ಮಿನ್‌ಗಳು ತರುವ ನಿಯಮ ಸಾಮಾನ್ಯವಾಗಿ ‘ಇಲ್ಲಿ ರಾಜಕೀಯ ಬೇಡ’ ಎಂಬುದು. ಅದು ನಡೆಯುವುದಿಲ್ಲ. ಈರುಳ್ಳಿ ರೇಟು ಮಾತಾಡಿದರೂ ರಾಜಕೀಯ ಬರುತ್ತದೆ, ಕರೆಂಟು ಹೋದರೂ ಬರುತ್ತದೆ, ಯಾವುದು ರಾಜಕೀಯ ಎಂಬುದೇ ಹೊಸ ಜಗಳವಾಗುತ್ತದೆ. ನಿಮ್ಮ ಗ್ರೂಪಿನ ಸೊಗಸೇ ಈ ದಿನನಿತ್ಯದ ಮಾತು. ತಡೆಯಬೇಕಾದದ್ದು ಮೂಲವಿಲ್ಲದ ಫಾರ್ವರ್ಡನ್ನು ಮಾತ್ರ. ಹಾಗಾಗಿ ಒಂದೇ ನಿಯಮ ಸಾಕು: ಬೇರೆಡೆಯಿಂದ ಬಂದದ್ದನ್ನು ಹಾಕುವವರು ಅದು ಎಲ್ಲಿಂದ ಬಂತು, ಯಾವ ತಾರೀಕಿನದು, ತಾವೇಕೆ ಹಾಕುತ್ತಿದ್ದೇವೆ ಎಂದು ಸ್ವಂತ ಮಾತಿನಲ್ಲಿ ಒಂದು ಸಾಲು ಬರೆಯಬೇಕು. ‘ಲಿಂಗನಮಕ್ಕಿ ತುಂಬಿತು, ಗೇಟು ತೆಗೆಯುತ್ತಾರಂತೆ’ ಎನ್ನುವವರು ಇಂದಿನ ಮಟ್ಟ ಎಷ್ಟು ಅಡಿ ಎಂದು ಸೇರಿಸಲಿ. ಪೂರ್ಣ ಮಟ್ಟ 1,819 ಅಡಿ ಎಂಬುದು ಗೊತ್ತಿದ್ದರೆ ‘ತುಂಬಿತು’ ಎನ್ನುವುದರ ಸತ್ಯಾಸತ್ಯ ಓದಿದವರಿಗೇ ತಿಳಿಯುತ್ತದೆ. ಆ ಒಂದು ಸಾಲು ಬರೆಯಲು ಬೇಕಾದ ಅರ್ಧ ನಿಮಿಷದಲ್ಲೇ ಎಷ್ಟೋ ಫಾರ್ವರ್ಡುಗಳು ನಿಂತುಹೋಗುತ್ತವೆ.

ನಿಯಮವನ್ನು ಬರೆದು ಪಿನ್ ಮಾಡಿ, ಅವಧಿ 30 ದಿನ ಎಂದು ಆರಿಸಿ. ಪಿನ್ ಅವಧಿ ಮುಗಿದರೆ ಬಿದ್ದುಹೋಗುತ್ತದೆ, ಆದ್ದರಿಂದ ಗ್ರೂಪ್ ಡಿಸ್ಕ್ರಿಪ್ಷನ್‌ನಲ್ಲೂ ಹಾಕಿಡಿ. ಹೊಸದಾಗಿ ಸೇರುವವರು ಅಲ್ಲಿ ಓದುತ್ತಾರೆ.

ರಜೆ ಆದೇಶದ ವಿಷಯ ನಿಮ್ಮ ಜಿಲ್ಲೆಯಲ್ಲಿ ಪ್ರತಿ ಮಳೆಗಾಲವೂ ಬರುವಂಥದ್ದು, ಇದನ್ನು ಎಲ್ಲರಿಗೂ ಕಲಿಸಿಕೊಡಿ. ಹೊಸನಗರ, ಸಾಗರ, ತೀರ್ಥಹಳ್ಳಿಗಳಲ್ಲಿ ಮಳೆ ಸುರಿಯುತ್ತಿರುವಾಗ ಶಿಕಾರಿಪುರದಲ್ಲಿ ಬಿಸಿಲು ಇರಬಹುದು. ಅದಕ್ಕೇ ರಜೆ ಎಷ್ಟೋ ಸಲ ತಾಲ್ಲೂಕುವಾರು ಇರುತ್ತದೆ. ಆದೇಶದ ಚಿತ್ರ ಬಂದರೆ ಮೂರು ಕಡೆ ಕಣ್ಣು ಹಾಯಿಸಬೇಕು: ಮೇಲಿನ ತಾರೀಕು, ತಾಲ್ಲೂಕಿನ ಹೆಸರು, ಯಾವ ತರಗತಿಯವರೆಗೆ ಎಂಬುದು. ಅಂಗನವಾಡಿಯಿಂದ ಪ್ರೌಢಶಾಲೆವರೆಗೆ ಎಂದಿದ್ದರೆ ಪಿಯು ಕಾಲೇಜಿಗೆ ಅನ್ವಯಿಸುವುದಿಲ್ಲ. ತಾರೀಕಿನ ಭಾಗವೇ ಕತ್ತರಿಸಿಹೋಗಿದ್ದರೆ ಹಳೆಯದೆಂದೇ ತಿಳಿದು, ಶಾಲೆಯ ಪೋಷಕರ ಗ್ರೂಪಿನಲ್ಲೋ ಜಿಲ್ಲಾಡಳಿತದ ಅಧಿಕೃತ ಪುಟದಲ್ಲೋ ಖಚಿತಪಡಿಸಿಕೊಳ್ಳಬೇಕು. ಮೆಸೇಜಿನ ಮೇಲೆ ಜೋಡಿ ಬಾಣದ ಗುರುತು, ‘ಫಾರ್ವರ್ಡೆಡ್ ಮೆನಿ ಟೈಮ್ಸ್’ ಎಂಬ ಬರಹ ಇದ್ದರೆ ಅದು ಐದು ಅಥವಾ ಹೆಚ್ಚು ಕೈ ದಾಟಿ ಬಂದಿದೆ ಎಂದರ್ಥ. ಸುಳ್ಳೆಂದಲ್ಲ, ಮೊದಲು ಬರೆದವರು ಯಾರೆಂದು ನಿಮಗೆ ಕಳಿಸಿದವರಿಗೂ ಗೊತ್ತಿಲ್ಲ ಎಂದು.

ರಜೆಯ ಸುಳ್ಳಿನಿಂದ ಒಂದು ಪರೀಕ್ಷೆ ಹೋಯಿತು. ಇನ್ನೊಂದು ಬಗೆಯ ಸುಳ್ಳಿನಿಂದ ಪ್ರಾಣ ಹೋಗಿದೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ಗುಲ್ಲಿಗೆ ಅಮಾಯಕರನ್ನು ಜನ ಹೊಡೆದು ಕೊಂದರು. ಆಗ ದೇಶವೆಲ್ಲ ಓಡಾಡಿದ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರದ ತುಣುಕು. ಮೂಲದಲ್ಲಿ ಬೈಕಿನವರು ಮಗುವನ್ನು ವಾಪಸ್ ತಂದು ಬಿಟ್ಟು ಸಂದೇಶದ ಫಲಕ ತೋರಿಸುತ್ತಾರೆ, ಆ ಭಾಗವನ್ನೇ ಕತ್ತರಿಸಿದ್ದರು. ಮಕ್ಕಳ ಕಳ್ಳರು, ಕೋಮು ಗಲಭೆ, ಯಾರದೋ ಫೋಟೊ ಹಾಕಿ ‘ಇವನನ್ನು ಕಂಡರೆ ಹಿಡಿಯಿರಿ’ ಎನ್ನುವುದು, ಇವು ಮೂರಕ್ಕೆ ಚರ್ಚೆಯೇ ಬೇಡ, ಕಂಡ ಕೂಡಲೇ ಅಳಿಸಿ. ಮೆಸೇಜನ್ನು ಒತ್ತಿ ಹಿಡಿದು ಡಿಲೀಟ್ ಗುರುತು ಮುಟ್ಟಿ, ‘ಡಿಲೀಟ್ ಫಾರ್ ಎವರಿಒನ್’ ಆರಿಸಿ. ಅಡ್ಮಿನ್ ಅಳಿಸಿದ್ದೆಂದು ನಿಮ್ಮ ಹೆಸರು ಅಲ್ಲಿ ಕಾಣುತ್ತದೆ, ಆದ್ದರಿಂದ ಹಾಕಿದವರಿಗೆ ಆಗಲೇ ಒಂದು ಫೋನ್ ಮಾಡಿ. ಅಷ್ಟರಲ್ಲಿ ಬೇರೆ ಗ್ರೂಪಿಗೆ ಹೋಗಿದ್ದರೆ ಅಲ್ಲಿಂದ ಅಳಿಯುವುದಿಲ್ಲ. ಸುಳ್ಳು ಎಂದು ಗ್ರೂಪಿನಲ್ಲಿ ಒಂದು ಸಾಲು ಬರೆಯುವುದೂ ಅಷ್ಟೇ ಮುಖ್ಯ.

ಪೊಲೀಸರ ಭಯದ ಬಗ್ಗೆ. ಬೀದರ್ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಒಂದು ಗ್ರೂಪಿನ ಅಡ್ಮಿನ್ ಕೂಡ ಇದ್ದರು, ನಿಮ್ಮ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಸದಸ್ಯರು ಹಾಕಿದ ಮೆಸೇಜಿಗೆ, ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನೀವೇ ಹಾಕಿದರೆ, ಬೇಕೆಂದೇ ಕೈಜೋಡಿಸಿದರೆ ಮಾತು ಬೇರೆ. ಜನರಲ್ಲಿ ಭಯ, ದ್ವೇಷ ಹುಟ್ಟಿಸುವ ಸುಳ್ಳು ಸುದ್ದಿ, ಗಾಳಿಸುದ್ದಿಗೆ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂನಲ್ಲಿ 3 ವರ್ಷದವರೆಗೆ ಜೈಲು ಇದೆ. ಪಿನ್ ಮಾಡಿದ ನಿಯಮ, ಅಳಿಸಿದ ಗುರುತು, ‘ಇದು ಸುಳ್ಳು’ ಎಂದ ನಿಮ್ಮ ಸಾಲು, ಇವು ನಿಮ್ಮ ನಡವಳಿಕೆಗೆ ಸಾಕ್ಷಿಯಾಗಿ ಇರುತ್ತವೆ.

ಮತ್ತೆ ಜಗಳ ಕಾವೇರಿದರೆ ಗ್ರೂಪ್ ಪರ್ಮಿಷನ್ಸ್‌ಗೆ ಹೋಗಿ ‘ಸೆಂಡ್ ಮೆಸೇಜಸ್’ ಆಫ್ ಮಾಡಿ. ಆಗ ಅಡ್ಮಿನ್‌ಗಳು ಮಾತ್ರ ಬರೆಯಬಹುದು. ಒಂದೆರಡು ಗಂಟೆ ಸಾಕು, ಎಷ್ಟು ಹೊತ್ತಿಗೆ ತೆರೆಯುತ್ತೇನೆಂದು ಮೊದಲೇ ಬರೆಯಿರಿ. ಹೇಳದೆ ಮುಚ್ಚಿದರೆ ಸಂಜೆಯೊಳಗೆ ಪಕ್ಕದಲ್ಲಿ ಇನ್ನೊಂದು ಗ್ರೂಪ್ ಹುಟ್ಟಿರುತ್ತದೆ. ಎರಡೂ ಬಣಕ್ಕೆ ಸೇರದ ಇಬ್ಬರನ್ನು ಅಡ್ಮಿನ್ ಮಾಡಿ. ಒಬ್ಬರಾದರೂ ಬೇರೆ ಹೊತ್ತಿನಲ್ಲಿ ಎದ್ದಿರುವವರಿರಲಿ, ವಿದೇಶದಲ್ಲಿರುವ ಸದಸ್ಯರಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ನೀವು ರಾತ್ರಿ ಮಲಗುವಾಗ ಗ್ರೂಪನ್ನು ಎಂಟು ಗಂಟೆಗಳ ಕಾಲ ಮ್ಯೂಟ್ ಮಾಡಿ.

ಬಿಟ್ಟುಹೋದ ಇಬ್ಬರನ್ನು ಕೇಳದೆ ಮತ್ತೆ ಸೇರಿಸಬೇಡಿ. ಯಾರಾದರೂ ಗ್ರೂಪ್ ಬಿಟ್ಟರೆ ಈಗ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಬರುತ್ತದೆ, ಮರಳಿ ಸೇರಿದರೆ ಎಲ್ಲರಿಗೂ ಕಾಣುತ್ತದೆ, ಅದು ಮುಜುಗರ. ಹೊಸ ನಿಯಮವನ್ನು ಅವರಿಗೆ ಖಾಸಗಿಯಾಗಿ ಕಳಿಸಿ, ಜೊತೆಗೆ ಇನ್ವೈಟ್ ಲಿಂಕ್ ಇಡಿ. ಬರುವ ದಿನವನ್ನು ಅವರೇ ನೋಡಿಕೊಳ್ಳಲಿ.

ಇಷ್ಟಾದ ಮೇಲೂ ಮೇಷ್ಟ್ರೋ ಹುಡುಗನೋ ಮತ್ತೆ ಅದನ್ನೇ ಮಾಡಿದರೆ ಎರಡನೇ ಸಲವೂ ಫೋನ್ ಮಾಡಿ. ಮೂರನೇ ಸಲ ತೆಗೆಯಿರಿ, ಅದಕ್ಕೆ ಹಿಂಜರಿಯಬೇಡಿ. ತೆಗೆಯುವ ಮೊದಲು ಕಾರಣವನ್ನು ಅವರಿಗೆ ನೇರವಾಗಿ ತಿಳಿಸಿ. ಯಾಕೆ ತೆಗೆದಿರಿ ಎಂದು ಗ್ರೂಪಿನಲ್ಲಿ ಯಾರು ಕೇಳಿದರೂ “ಅವರೊಂದಿಗೆ ಮಾತಾಡಿದ್ದೇನೆ” ಎಂದಷ್ಟೇ ಬರೆಯಿರಿ.