ಗೋಡೆ ಒಡೆದ ಮೇಲೆ ಬಡ್ತಿ ಕೊಡುವವರು ಯಾರು?

ಪ್ರಿಯ ಮೇಷ್ಟ್ರೇ,

ನಿಮ್ಮ ನಾಲ್ಕು ಪುಟದ ಕಾಗದ ತಲುಪಿತು. ಕಳೆದ ಸಂಚಿಕೆಯ ಸಂದರ್ಶನ ನಿಮಗೆ ಸಿಟ್ಟು ತರಿಸಿದೆ. ವಿಶ್ವವಿದ್ಯಾಲಯವೊಂದರ ಅಂತರಶಿಸ್ತೀಯ (ಹಲವು ವಿಷಯಗಳನ್ನು ಬೆಸೆದು ಕಲಿಸುವ) ಸ್ಕೂಲ್‌ಗೆ ಹೊಸದಾಗಿ ಬಂದ ಡೀನ್, ವಿಭಾಗಗಳ ನಡುವಿನ ಗೋಡೆ ಒಡೆಯುತ್ತೇನೆ ಎಂದು ಅದರಲ್ಲಿ ಹೇಳಿದ್ದರು. 'ಹತ್ತು ಕಡೆ ಒಂದೊಂದು ಅಡಿ ತೋಡಿದರೆ ನೀರು ಬರುತ್ತದಾ?' ಎಂದು ನೀವು ಕೇಳಿದ್ದೀರಿ. ಜೊತೆಗೆ, ಮೊಮ್ಮಗಳಿಗೆ ಅಲ್ಲೇ ಸೀಟು ಸಿಕ್ಕಿದೆ, ಸೇರಿಸೋಣವೋ ಬೇಡವೋ ಎಂದೂ ಬರೆದಿದ್ದೀರಿ.

ಮೊದಲು ನನ್ನ ತಪ್ಪು. ಆ ಸಂದರ್ಶನ ಮಾಡಿದವನು ನಾನೇ. ಕೇಳಲೇಬೇಕಿದ್ದ ಒಂದು ಪ್ರಶ್ನೆ ಬಿಟ್ಟುಹೋಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಬಾವಿಯ ಮಾತು ಅರ್ಧ ಸರಿ. ಒಬ್ಬನೇ ಹತ್ತು ಕಡೆ ತೋಡಿದರೆ ಕೈ ನೋವಷ್ಟೇ ಲಾಭ. ಆದರೆ ನೀವು ಭೌತಶಾಸ್ತ್ರ ಕಲಿಸಿದವರು, ಡಿಎನ್‌ಎ ರಚನೆ ಕಂಡುಹಿಡಿದ ಕಥೆ ನಿಮಗೆ ಗೊತ್ತೇ ಇದೆ. ಫ್ರಾನ್ಸಿಸ್ ಕ್ರಿಕ್ ಓದಿದ್ದು ನಿಮ್ಮ ವಿಷಯವನ್ನೇ. ವಾಟ್ಸನ್ ಪ್ರಾಣಿಶಾಸ್ತ್ರದವರು, ರೋಸಲಿಂಡ್ ಫ್ರಾಂಕ್ಲಿನ್ ರಸಾಯನಶಾಸ್ತ್ರದವರು. ಯಾರೂ ಹತ್ತು ಕಡೆ ತೋಡಲಿಲ್ಲ. ಒಬ್ಬೊಬ್ಬರೂ ತಮ್ಮ ಬಾವಿಯನ್ನೇ ಆಳಕ್ಕೆ ತೋಡಿದರು. 1953ರಲ್ಲಿ ಆ ರಚನೆ ಗೊತ್ತಾಗುವುದಕ್ಕೆ ಮೂರೂ ಬಾವಿಯ ನೀರು ಬೇಕಾಯಿತು. (ಫ್ರಾಂಕ್ಲಿನ್ ಅವರಿಗೆ ಸಿಗಬೇಕಾದ ಮರ್ಯಾದೆ ಆಗ ಸಿಗಲಿಲ್ಲ. ಅದು ಬೇರೆ ಜಗಳ.)

ಗೋಡೆ ಒಡೆಯುವುದು ಬರೀ ಮಾತಿನ ಅಲಂಕಾರ ಅಂದಿದ್ದೀರಿ. ನಿಜವಾಗಿಯೇ ಒಡೆದ ಜಾಗ ಒಂದಿದೆ. ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 1943ರಲ್ಲಿ ರಾಡಾರ್ ಕೆಲಸಕ್ಕೆಂದು ಅವಸರದಲ್ಲಿ ಮರದ ಕಟ್ಟಡವೊಂದನ್ನು ಎಬ್ಬಿಸಿದರು. ಹೆಸರೂ ಇಡಲಿಲ್ಲ, ಸುಮ್ನೆ 'ಬಿಲ್ಡಿಂಗ್ 20'. ಯುದ್ಧ ಮುಗಿದ ಮೇಲೆ ಕೆಡವುವ ಲೆಕ್ಕವಿತ್ತು. ಅದು 1998ರವರೆಗೂ ನಿಂತಿತ್ತು! ಬೇರೆಲ್ಲೂ ಜಾಗ ಸಿಗದವರನ್ನೆಲ್ಲ ಅಲ್ಲಿಗೆ ಕಳಿಸಿದರು. ಭಾಷಾಶಾಸ್ತ್ರದ ಚಾಮ್ಸ್ಕಿ ಅಲ್ಲೇ ಇದ್ದರು, ಶಬ್ದವಿಜ್ಞಾನದವರೂ ಅಲ್ಲೇ ಇದ್ದರು. ಜೆರಾಲ್ಡ್ ಜಕರಾಯಸ್ ಎಂಬ ಭೌತವಿಜ್ಞಾನಿಯ ಪರಮಾಣು ಗಡಿಯಾರಕ್ಕೆ ಎತ್ತರ ಸಾಲಲಿಲ್ಲ. ಮೇಲಿನ ಎರಡು ಮಹಡಿಯ ನೆಲವನ್ನೇ ಕಿತ್ತು ಜಾಗ ಮಾಡಿಕೊಂಡರು. ಹಳೇ ಕಟ್ಟಡ, ಯಾರೂ ತಕರಾರು ಮಾಡಲಿಲ್ಲ. ವಿಷನ್ ಡಾಕ್ಯುಮೆಂಟ್ ಅಂತ ಅಲ್ಲಿ ಒಂದು ಹಾಳೆಯೂ ಇರಲಿಲ್ಲ ನೋಡಿ.

ಹಾಗಂತ ಎಲ್ಲಾ ಕಡೆ ಹೀಗಾಗಲಿಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯ 1961ರಲ್ಲಿ ಶುರುವಾದಾಗ ವಿಭಾಗಗಳ ಬದಲು ವಿಶಾಲವಾದ ಸ್ಕೂಲ್‌ಗಳನ್ನು ಕಟ್ಟಿತು. ಇತಿಹಾಸ ಓದುವವರು, ಸಾಹಿತ್ಯ ಓದುವವರು ಒಂದೇ ಸ್ಕೂಲ್‌ನಲ್ಲಿ ಕೂತರು. ದಶಕಗಳ ಮೇಲೆ ಅದೂ ಬಹುಪಾಲು ಮಾಮೂಲಿ ವಿಭಾಗಗಳ ದಾರಿಗೇ ಮರಳಿತು. ಡೆನ್ಮಾರ್ಕಿನ ರೊಸ್ಕಿಲ್ಡೆ ವಿಶ್ವವಿದ್ಯಾಲಯ 1972ರಿಂದ ಬೇರೆ ದಾರಿ ಹಿಡಿದಿದೆ. ಅಲ್ಲಿ ವಿದ್ಯಾರ್ಥಿಗಳು ಗುಂಪುಗಟ್ಟಿಕೊಂಡು ಒಂದು ಸಮಸ್ಯೆ ಆರಿಸಿಕೊಳ್ಳುತ್ತಾರೆ. ಓದಿನ ಅರ್ಧದಷ್ಟು ಆ ಪ್ರಾಜೆಕ್ಟ್‌ಗೇ ಹೋಗುತ್ತದೆ. ನನಗೆ ಇದೇ ಜಾಸ್ತಿ ಇಷ್ಟ. ಸಮಸ್ಯೆ ಮುಂದಿದ್ದರೆ ಯಾವ ವಿಷಯ ಬೇಕೆಂದು ಅದೇ ಹೇಳುತ್ತದೆ.

ಈಗ ಬಿಟ್ಟುಹೋದ ಪ್ರಶ್ನೆ. ಬಹಳ ಹಿಂದೆ ಒಂದು ಬಡ್ತಿ ಸಮಿತಿಗೆ ನನ್ನನ್ನು ಹೊರಗಿನ ಸದಸ್ಯನಾಗಿ ಕರೆದಿದ್ದರು. ಭಾಷೆ ಮತ್ತು ಕಂಪ್ಯೂಟರ್ ಎರಡರಲ್ಲೂ ಕೆಲಸ ಮಾಡಿದ ಯುವ ಅಧ್ಯಾಪಕಿಯೊಬ್ಬರ ಫೈಲು ಬಂತು. ಒಳಗೆ ಎರಡು ಹಾಳೆ, ಒಂದೇ ಪಿನ್ನು. ಕಂಪ್ಯೂಟರ್ ವಿಭಾಗದವರು, ಕೆಲಸ ಚೆನ್ನಾಗಿದೆ, ಆದರೆ ಇದು ಭಾಷಾಶಾಸ್ತ್ರ ಎಂದು ಬರೆದಿದ್ದರು. ಭಾಷಾಶಾಸ್ತ್ರದವರು, ಕೆಲಸ ಚೆನ್ನಾಗಿದೆ, ಆದರೆ ಇದು ಕಂಪ್ಯೂಟರ್ ಎಂದಿದ್ದರು. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಬಡ್ತಿ ತಪ್ಪಿತು. ಆ ತೀರ್ಮಾನಕ್ಕೆ ನಾನೂ ಸಹಿ ಹಾಕಿದ್ದೇನೆ. ನೆನೆದರೆ ಇವತ್ತಿಗೂ ಮುಜುಗರವಾಗುತ್ತದೆ.

ಹಾಗಾಗಿ ನಾನು ಡೀನ್ ಅವರನ್ನು ಕೇಳಬೇಕಿದ್ದದ್ದು ಇಷ್ಟೇ: ನಿಮ್ಮ ಸ್ಕೂಲ್ ತನ್ನ ಅಧ್ಯಾಪಕರನ್ನು ತಾನೇ ನೇಮಿಸಿಕೊಂಡು ತಾನೇ ಬಡ್ತಿ ಕೊಡುತ್ತದೋ, ಇಲ್ಲಾ ಹಳೇ ವಿಭಾಗಗಳಿಂದ ಎರವಲು ತರುತ್ತದೋ? ಎರವಲಾದರೆ ಆ ಅಧ್ಯಾಪಕರ ಒಂದು ಕಣ್ಣು ಯಾವಾಗಲೂ ತವರಿನ ಕಡೆಗೇ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿ 2002ರಲ್ಲಿ ಬಂದ ಮೈಕೆಲ್ ಕ್ರೋ ಎರವಲಿನ ಗೋಜಿಗೆ ಹೋಗದೆ ವಿಭಾಗಗಳನ್ನೇ ಕರಗಿಸಿದರು. ಭೂವಿಜ್ಞಾನದವರನ್ನೂ ಖಗೋಳದವರನ್ನೂ ಸೇರಿಸಿ 2006ರಲ್ಲಿ ಭೂಮಿ ಮತ್ತು ಬಾಹ್ಯಾಕಾಶ ಅನ್ವೇಷಣೆಯ ಸ್ಕೂಲ್ ಆಯಿತು. ಅದೇ ಸರಿ ಎಂದು ನಾನು ಹೇಳುತ್ತಿಲ್ಲ. ಕರಗಿದ ವಿಭಾಗದವರಿಗೆ ಬೇಸರ ಆಗದೇ ಇರುತ್ತದಾ? ಆದರೆ ಅಲ್ಲಿಯ ಅಧ್ಯಾಪಕನಿಗೆ ತಾನು ಯಾರ ಮನೆಯವನು ಎಂಬ ಗೊಂದಲ ಕಡಿಮೆ.

ಇನ್ನು ಮೊಮ್ಮಗಳ ವಿಷಯ. ಆ ಸ್ಕೂಲ್‌ನ ಜಾಹೀರಾತು ಓದಬೇಡಿ, ಟೈಮ್‌ಟೇಬಲ್ ತರಿಸಿ ನೋಡಿ. ಬೇರೆ ಬೇರೆ ವಿಷಯದ ಇಬ್ಬರು ಅಧ್ಯಾಪಕರು ಒಂದೇ ಕ್ಲಾಸಿನಲ್ಲಿ ಒಟ್ಟಿಗೆ ನಿಂತು ಪಾಠ ಮಾಡುವ ಗಂಟೆ ಒಂದಾದರೂ ಇದೆಯಾ? ಸೋಮವಾರ ಅರ್ಥಶಾಸ್ತ್ರ, ಮಂಗಳವಾರ ಜೀವಶಾಸ್ತ್ರ, ಬುಧವಾರ ತತ್ವಶಾಸ್ತ್ರ ಎಂದಷ್ಟೇ ಇದ್ದರೆ ನಿಮ್ಮ ಹತ್ತು ಬಾವಿಯ ಮಾತೇ ನಿಜ. ಮೂರನೇ ವರ್ಷಕ್ಕೆ ಒಂದು ವಿಷಯದಲ್ಲಾದರೂ ಆಳಕ್ಕೆ ಇಳಿಸುತ್ತಾರಾ ಅಂತಲೂ ಕೇಳಿ. ಇಳಿಸುತ್ತಾರೆ ಎಂದಾದರೆ ನಾನಾಗಿದ್ದರೆ ಸೇರಿಸುತ್ತಿದ್ದೆ. ಅವಳನ್ನೂ ಒಂದು ಮಾತು ಕೇಳಿದ್ದೀರಿ ತಾನೇ? ನಿಮ್ಮ ನಾಲ್ಕು ಪುಟದಲ್ಲಿ ಅವಳ ಅಭಿಪ್ರಾಯ ಎಲ್ಲೂ ಕಾಣಲಿಲ್ಲ.

ಡೀನ್ ಅವರಿಗೆ ನಿನ್ನೆ ಕಾಗದ ಹಾಕಿದ್ದೇನೆ, ಬಡ್ತಿ ನಿಯಮದ ಪ್ರತಿ ಕೇಳಿದ್ದೇನೆ. ಬಂದರೆ ಮುಂದಿನ ಸಂಚಿಕೆಯಲ್ಲಿ ಇದೇ ಜಾಗದಲ್ಲಿ ಹಾಕುತ್ತೇವೆ. ಬರದಿದ್ದರೆ ಬರಲಿಲ್ಲ ಎಂದು ಹಾಕುತ್ತೇವೆ.

— ಸಂಪಾದಕ