ಹಾಲೂಡಿಸುವ ತಾಯಿ ರೋಜಾ ಬಿಡಬಹುದಾ?

ಹಾಲೂಡಿಸುತ್ತಾ ಹೊಲದ ಕೆಲಸವನ್ನೂ ಮಾಡುವ ನಿಮ್ಮ ಅತ್ತಿಗೆ ರಂಜಾನ್ ರೋಜಾ (ಉಪವಾಸ) ಬಿಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಬಿಡಬಹುದು. ತನಗೋ ಮಗುವಿಗೋ ತೊಂದರೆಯಾಗುವ ಭಯವಿದ್ದರೆ ಬಸುರಿಯರಿಗೆ, ಹಾಲೂಡಿಸುವವರಿಗೆ ಧರ್ಮದಲ್ಲೇ ರಿಯಾಯಿತಿ ಇದೆ. ಬಿಟ್ಟ ದಿನಗಳನ್ನು ಆಮೇಲೆ ಕಜಾ, ಅಂದರೆ ಬದಲಿ ರೋಜಾ, ಹಿಡಿದು ತೀರಿಸಬಹುದು.

ಆದರೂ ಹಿಡಿಯುತ್ತೇನೆ ಅಂದರೆ ಸಹರಿ, ಅಂದರೆ ಬೆಳಗಾಗುವ ಮುಂಚಿನ ಊಟ, ತಪ್ಪಿಸಲೇಬಾರದು. ಎಲ್ಲರಿಗಿಂತ ಮೊದಲು ಎದ್ದು ಅಡುಗೆ ಮಾಡುವವಳು ಬಡಿಸುತ್ತಾ ಬಡಿಸುತ್ತಾ, ಅಜಾನ್ ಹತ್ತಿರ ಬಂತು ಅಂತ ಎರಡು ತುತ್ತು, ಒಂದು ಲೋಟ ಚಹಾದಲ್ಲೇ ಮುಗಿಸಿಬಿಡುತ್ತಾಳೆ. ತೊಂದರೆ ಶುರುವಾಗುವುದೇ ಅಲ್ಲಿ, ಅಲ್ವಾ? ನಿಮ್ಮ ಅತ್ತಿಗೆಯನ್ನು ಮೊದಲು ಊಟಕ್ಕೆ ಕೂರಿಸಿ. ಬೇಳೆ, ಮೊಟ್ಟೆ ಜಾಸ್ತಿ ತಿನ್ನಲಿ. ಊಟದ ಜೊತೆ ಚಹಾ ಬೇಡ, ಕಬ್ಬಿಣದಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇಫ್ತಾರ್ ಆದಮೇಲೆ ಆಗಾಗ ನೀರು ಕುಡಿಯಲಿ. ತಲೆ ಸುತ್ತಿದರೆ, ಮಗು ಉಚ್ಚೆ ಮಾಡುವುದು ಕಡಿಮೆಯಾದರೆ, ಸಂಜೆವರೆಗೆ ಕಾಯದೆ ರೋಜಾ ಮುರಿಯಲಿ.